ಮನೆಯ ನಗೆ, ಮಾರುಕಟ್ಟೆಯ ಲೆಕ್ಕ

ಮನೆಮಂದಿಯೆಲ್ಲ ಕೂಡಿ ನಗುವುದಕ್ಕೆ ಹಿಂದೆಂದೂ ಬಂಡವಾಳ ಬೇಕಾಗಿರಲಿಲ್ಲ. ಮಗುವಿನ ತೊದಲು ನುಡಿ, ಅಜ್ಜಿಯ ಗದರಿಕೆ, ಗಂಡ ಹೆಂಡಿರ ಹುಸಿ ಜಗಳ ಇವೆಲ್ಲ ಹಜಾರದೊಳಗೇ ಹುಟ್ಟಿ ಅಲ್ಲಿಯೇ ಮುಗಿಯುತ್ತಿದ್ದವು. ಇಂದು ಅದೇ ದೃಶ್ಯ ಮೊಬೈಲಿನಲ್ಲಿ ಚಿತ್ರಿತವಾಗಿ ಅಂತರಜಾಲಕ್ಕೆ ಏರುತ್ತದೆ, ಲಕ್ಷಾಂತರ ಜನ ಅದನ್ನು ನೋಡುತ್ತಾರೆ, ಅದರ ನಡುವೆ ಜಾಹೀರಾತು ಬರುತ್ತದೆ, ಜಾಹೀರಾತಿನ ಹಣದಲ್ಲಿ ಒಂದು ಪಾಲು ಆ ಮನೆಗೆ ಸೇರುತ್ತದೆ. ಹಣ ಬಂದ ಕ್ಷಣದಿಂದ ಅದು ವ್ಯವಹಾರ. ವ್ಯವಹಾರವೆಂದ ಮೇಲೆ ಕಿರ್ದಿ, ಖಾತೆ, ತೆರಿಗೆ, ಕರಾರು ಎಲ್ಲವೂ ಬೆನ್ನಿಗೆ ಬರುತ್ತವೆ.

ನಮ್ಮ ವರ್ತಕ ಹಾಗೂ ಸಣ್ಣ ಕೈಗಾರಿಕೋದ್ಯಮಿ ಬಾಂಧವರಿಗೆ ಈ ವಿಷಯದ ಸಂಬಂಧ ಎರಡು ಬಗೆಯದು. ಒಂದು, ತಮ್ಮ ಮನೆಯ ಮಗ, ಸೊಸೆ, ಮೊಮ್ಮಕ್ಕಳೇ ಇಂತಹ ವಿಡಿಯೋಗಳನ್ನು ತಯಾರಿಸುತ್ತಿರಬಹುದು. ಎರಡು, ತಮ್ಮ ಸರಕಿನ ಪ್ರಚಾರಕ್ಕಾಗಿ ಇಂತಹ ಕುಟುಂಬಗಳಿಗೆ ಹಣವನ್ನೋ ಸರಕನ್ನೋ ಕೊಡುತ್ತಿರಬಹುದು. ಈ ಉದ್ಯಮದಲ್ಲಿ ಬಂಡವಾಳ ಯಾವುದು, ಅದು ಯಾರದು ಎಂಬ ಮೂಲ ಪ್ರಶ್ನೆಯನ್ನು ಕೆಲವು ನೈಜ ಪ್ರಸಂಗಗಳ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಗೆ ಸರಕಾದ ಬಗೆ

ಮನೆಯಲ್ಲಿ ತೆಗೆದ ಹಾಸ್ಯ ವಿಡಿಯೋಗಳಿಗೆ ಮಾರುಕಟ್ಟೆ ಮೊದಲು ತೆರೆದದ್ದು ದೂರದರ್ಶನದ ಪರದೆಯ ಮೇಲೆ. ಅಮೆರಿಕದ ಎಬಿಸಿ ವಾಹಿನಿ 1989ರ ನವೆಂಬರ್‌ನಲ್ಲಿ ‘ಅಮೆರಿಕಾಸ್ ಫನಿಯೆಸ್ಟ್ ಹೋಮ್ ವಿಡಿಯೋಸ್’ ಎಂಬ ವಿಶೇಷ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. 1990ರ ಜನವರಿಯಿಂದ ಅದು ವಾರದ ಕಾರ್ಯಕ್ರಮವಾಯಿತು. ಅದರ ಮೂಲ ಕಲ್ಪನೆ ಜಪಾನಿನ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಪ್ರೇಕ್ಷಕರು ತಮ್ಮ ಮನೆಯಲ್ಲಿ ತೆಗೆದ ಟೇಪುಗಳನ್ನು ಕಳುಹಿಸುತ್ತಿದ್ದರು. ವಾರದ ಮೊದಲ ಬಹುಮಾನ 10,000 ಡಾಲರ್.

ಆ ಏರ್ಪಾಡಿನಲ್ಲಿ ಕುಟುಂಬಕ್ಕೆ ದೊರೆಯುತ್ತಿದ್ದುದು ಒಮ್ಮೆ ಬರುವ ಬಹುಮಾನ ಮಾತ್ರ. ಜಾಹೀರಾತಿನ ನಿರಂತರ ಆದಾಯ ವಾಹಿನಿಯದಾಗಿತ್ತು. 2005ರಲ್ಲಿ ಯೂಟ್ಯೂಬ್ ಸ್ಥಾಪನೆಯಾಯಿತು. 2006ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆ ಅದನ್ನು 165 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2007ರಲ್ಲಿ ವಿಡಿಯೋ ತಯಾರಿಸಿದವರಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಯೋಜನೆ ಆರಂಭವಾಯಿತು. ದೀರ್ಘ ವಿಡಿಯೋಗಳ ಮುನ್ನ ಅಥವಾ ನಡುವೆ ಬರುವ ಜಾಹೀರಾತಿನ ಆದಾಯದಲ್ಲಿ ತಯಾರಕರ ಪಾಲು ಶೇ. 55. ಶಾರ್ಟ್ಸ್ ಎಂಬ ಕಿರು ವಿಡಿಯೋಗಳಿಗೆ 2023ರ ಫೆಬ್ರವರಿಯಿಂದ ಶೇ. 45ರ ಹಂಚಿಕೆ ಬಂದಿತು. ಹೀಗೆ ಬಹುಮಾನ ಪಡೆಯುತ್ತಿದ್ದ ಕುಟುಂಬವು ಪಾಲು ಪಡೆಯುವ ಕುಟುಂಬವಾಯಿತು. ಪಾಲುದಾರನಾದವನು ಲಾಭಕ್ಕೆ ಮಾತ್ರವಲ್ಲ, ನಷ್ಟಕ್ಕೂ ಹೊಣೆಗೂ ಬಾಧ್ಯನೆಂಬುದು ವರ್ತಕರಿಗೆ ಹೊಸ ಮಾತೇನಲ್ಲ.

ಮೂರು ಕುಟುಂಬಗಳು

ಮೊದಲನೆಯದು ಇಂಗ್ಲೆಂಡಿನದು. 2007ರ ಮೇ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿದ್ದ ತಂದೆಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳ ಒಂದು ವಿಡಿಯೋವನ್ನು ಯೂಟ್ಯೂಬ್‌ಗೆ ಏರಿಸಿದರು. ಮೂರು ವರ್ಷದ ಅಣ್ಣ ತನ್ನ ಬೆರಳನ್ನು ತಮ್ಮನ ಬಾಯಿಗಿಡುತ್ತಾನೆ, ಒಂದು ವರ್ಷದ ತಮ್ಮ ಕಚ್ಚುತ್ತಾನೆ, ಅಣ್ಣ ಅರಚುತ್ತಾನೆ, ತಮ್ಮ ನಗುತ್ತಾನೆ. ಇಷ್ಟೇ. ಒಂದು ನಿಮಿಷವೂ ಇಲ್ಲ. ಅಮೆರಿಕದಲ್ಲಿದ್ದ ಆಪ್ತರಿಗೆ ತೋರಿಸುವುದು ತಂದೆಯ ಉದ್ದೇಶವಾಗಿತ್ತು. ‘ಚಾರ್ಲಿ ಬಿಟ್ ಮೈ ಫಿಂಗರ್’ ಎಂಬ ಹೆಸರಿನ ಆ ವಿಡಿಯೋ 2009ರಲ್ಲಿ ಯೂಟ್ಯೂಬ್‌ನ ಅತಿ ಹೆಚ್ಚು ನೋಡಲ್ಪಟ್ಟ ವಿಡಿಯೋ ಎನಿಸಿತು. 2021ರ ಮೇ ತಿಂಗಳಲ್ಲಿ ಕುಟುಂಬವು ಅದನ್ನು ಎನ್‌ಎಫ್‌ಟಿ ಎಂಬ ಡಿಜಿಟಲ್ ಒಡೆತನದ ಪ್ರಮಾಣಪತ್ರದ ರೂಪದಲ್ಲಿ ಹರಾಜಿಗಿಟ್ಟಾಗ 7,60,999 ಡಾಲರ್‌ಗೆ ಮಾರಾಟವಾಯಿತು. ಹರಾಜಿನ ನಂತರ ಯೂಟ್ಯೂಬ್‌ನಿಂದ ತೆಗೆಯುವುದಾಗಿ ಮೊದಲು ಪ್ರಕಟಿಸಿದ್ದರೂ, ಕೊಂಡವರ ಸಮ್ಮತಿಯಿಂದ ಅದು ಅಲ್ಲಿಯೇ ಉಳಿಯಿತು.

ಎರಡನೆಯದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರಾಲಿ ನಗರದ ಹೋಲ್ಡರ್ನೆಸ್ ಕುಟುಂಬ. ಪೆನ್ ಹೋಲ್ಡರ್ನೆಸ್ ಸ್ಥಳೀಯ ವಾಹಿನಿಯಲ್ಲಿ ವಾರ್ತಾವಾಚಕರು. ಪತ್ನಿ ಕಿಮ್ ಕೂಡ ಹಿಂದೆ ದೂರದರ್ಶನದ ವರದಿಗಾರ್ತಿಯಾಗಿದ್ದವರು. ಬೇರೆ ಸಂಸ್ಥೆಗಳಿಗೆ ವಿಡಿಯೋ ತಯಾರಿಸಿಕೊಡುವ ಸ್ವಂತ ಕಂಪನಿ ನಡೆಸುತ್ತಿದ್ದರು. 2013ರ ಡಿಸೆಂಬರ್‌ನಲ್ಲಿ ಇಡೀ ಕುಟುಂಬ ಒಂದೇ ಬಗೆಯ ಕ್ರಿಸ್‌ಮಸ್ ಪೈಜಾಮ ತೊಟ್ಟು, ಪ್ರಸಿದ್ಧ ಗೀತೆಯೊಂದರ ಧಾಟಿಗೆ ಹಾಸ್ಯದ ಮಾತು ಕೂಡಿಸಿ ಕುಣಿದ ವಿಡಿಯೋ ದೇಶವ್ಯಾಪಿ ಪ್ರಚಾರ ಗಳಿಸಿತು. ಪೆನ್ ತಮ್ಮ ನೌಕರಿಯನ್ನು ಬಿಟ್ಟು ಪತ್ನಿಯ ಕಂಪನಿಗೆ ಸೇರುವ ಸುದ್ದಿಯೂ ಅದೇ ಹಾಡಿನಲ್ಲಿತ್ತು. ಮುಂದೆ ಹಾಸ್ಯ ವಿಡಿಯೋ, ಪಾಡ್‌ಕಾಸ್ಟ್, ಪುಸ್ತಕಗಳವರೆಗೆ ಅವರ ಉದ್ಯಮ ಬೆಳೆಯಿತು. 2022ರಲ್ಲಿ ಪ್ರಸಾರವಾದ ‘ದಿ ಅಮೇಜಿಂಗ್ ರೇಸ್’ ಸ್ಪರ್ಧೆಯನ್ನೂ ದಂಪತಿಗಳು ಗೆದ್ದರು.

ಮೂರನೆಯದು ಮೇರಿಲ್ಯಾಂಡ್ ರಾಜ್ಯದ ಒಂದು ಕುಟುಂಬ. ಮಕ್ಕಳ ಮೇಲೆ ಕೀಟಲೆ ಮಾಡಿ, ಅವರು ಬೆದರುವುದನ್ನು ಹಾಸ್ಯವೆಂದು ತೋರಿಸುವುದು ಅದರ ಚಾನೆಲ್ಲಿನ ರೀತಿ. ಚಂದಾದಾರರು ಏಳು ಲಕ್ಷಕ್ಕೂ ಮೇಲ್ಪಟ್ಟಿದ್ದರು. 2017ರ ಏಪ್ರಿಲ್‌ನಲ್ಲಿ ಅದರ ಒಂದು ವಿಡಿಯೋ ಸಾರ್ವಜನಿಕರ ಕೋಪಕ್ಕೆ ಗುರಿಯಾಯಿತು. ಮಗುವಿನ ಕೋಣೆಯ ನೆಲಹಾಸಿನ ಮೇಲೆ, ಕೆಲಹೊತ್ತಿಗೆ ತಾನೇ ಮಾಯವಾಗುವ ಶಾಯಿಯನ್ನು ಚೆಲ್ಲಿ, ಮಗುವೇ ಚೆಲ್ಲಿತೆಂದು ಗದರಿಸಿ ಅಳಿಸಿದ ದೃಶ್ಯವದು. ಇಬ್ಬರು ಮಕ್ಕಳ ಪಾಲನೆಯ ಹಕ್ಕು ತಂದೆಯ ಕೈತಪ್ಪಿ ಅವರ ಹೆತ್ತ ತಾಯಿಗೆ ಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಕ್ಕಳ ನಿರ್ಲಕ್ಷ್ಯದ ಅಪರಾಧಕ್ಕಾಗಿ ಚಾನೆಲ್ ನಡೆಸುತ್ತಿದ್ದ ದಂಪತಿಗಳಿಗೆ ಐದು ವರ್ಷಗಳ ಪ್ರೊಬೇಷನ್ ವಿಧಿಸಲಾಯಿತು.

ಈ ಮೂರನ್ನು ಲೆಕ್ಕಶಾಸ್ತ್ರದ ಕಣ್ಣಿನಿಂದ ನೋಡಬೇಕು. ಮೊದಲ ಕುಟುಂಬಕ್ಕೆ ಬಂದದ್ದು ಅನಿರೀಕ್ಷಿತ ಸಂಪತ್ತು. ಹೊಲದಲ್ಲಿ ಕೊಪ್ಪರಿಗೆ ಸಿಕ್ಕಂತೆ. ಅದನ್ನು ಪ್ರತಿ ವರ್ಷದ ಬೆಳೆಯೆಂದು ಎಣಿಸಲಾಗದು. ಎರಡನೆಯ ಕುಟುಂಬಕ್ಕೆ ಕಸುಬಿತ್ತು, ಕಂಪನಿಯಿತ್ತು. ನಗೆ ಅಂಗಡಿಯ ಮುಂದಿನ ಫಲಕದಂತೆ ಗಿರಾಕಿಗಳನ್ನು ಕರೆತಂದಿತು. ಮೂರನೆಯ ಕುಟುಂಬ ನಗೆಯ ಬೇಡಿಕೆಯನ್ನು ಪೂರೈಸಲು ಮಕ್ಕಳನ್ನೇ ಕಚ್ಚಾಮಾಲಿನಂತೆ ಬಳಸಿತು. ಕಚ್ಚಾಮಾಲು ಬಳಸಿದಷ್ಟೂ ಕರಗುತ್ತದೆ, ಬಂಡವಾಳವನ್ನು ಮಾತ್ರ ಕಾಪಾಡಿಕೊಂಡೇ ದುಡಿಸಬೇಕು. ಈ ವ್ಯವಹಾರದಲ್ಲಿ ಕ್ಯಾಮರಾ ಬಂಡವಾಳವಲ್ಲ, ಅದು ಉಪಕರಣ. ನಿಜವಾದ ಬಂಡವಾಳ ಮನೆಮಂದಿಯ ನಡುವಿನ ವಿಶ್ವಾಸ. ಅದು ಖರ್ಚಾದರೆ ಯಾವ ಬ್ಯಾಂಕೂ ಸಾಲ ಕೊಡದು.

ಮಗುವಿನ ದುಡಿಮೆ ಯಾರದು?

ಈ ಪ್ರಶ್ನೆ ಅಂತರಜಾಲಕ್ಕಿಂತ ಹಳೆಯದು. 1921ರಲ್ಲಿ ಬಿಡುಗಡೆಯಾದ ಚಾರ್ಲಿ ಚಾಪ್ಲಿನ್‌ರ ‘ದಿ ಕಿಡ್’ ಚಿತ್ರದಲ್ಲಿ ಹುಡುಗನ ಪಾತ್ರ ವಹಿಸಿದ ಜ್ಯಾಕಿ ಕೂಗನ್ ಬಾಲ್ಯದಲ್ಲಿಯೇ ಲಕ್ಷಾಂತರ ಡಾಲರ್ ಗಳಿಸಿದ. ವಯಸ್ಕನಾದ ಮೇಲೆ ತನ್ನ ಹಣವನ್ನು ಕೇಳಿದಾಗ ಅದರ ಬಹುಪಾಲು ಖರ್ಚಾಗಿ ಹೋಗಿತ್ತು. 1938ರಲ್ಲಿ ಅವನು ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಕೊನೆಗೆ ಅವನ ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಈ ಪ್ರಕರಣದ ಪರಿಣಾಮವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ಗಳಿಕೆಯನ್ನು ರಕ್ಷಿಸುವ ಕಾನೂನು ಮಾಡಿತು. ಇಂದು ಅದರನ್ವಯ ಗಳಿಕೆಯ ಶೇ. 15ರಷ್ಟನ್ನು ಮಗುವಿನ ಹೆಸರಿನ ನ್ಯಾಸಖಾತೆಯಲ್ಲಿಡಬೇಕು.

ಆದರೆ ಮನೆಯಲ್ಲಿಯೇ ತೆಗೆದ ವಿಡಿಯೋಗಳಿಗೆ ನಿರ್ಮಾಪಕನೂ ತಂದೆಯೇ, ಪೋಷಕನೂ ತಂದೆಯೇ. ಹಣ ಕೊಡುವವನೂ ಪಡೆಯುವವನೂ ಒಬ್ಬನೇ ಆದಾಗ ಲೆಕ್ಕ ಕೇಳುವವರಾರು? ಈ ಕೊರತೆಯನ್ನು ತುಂಬಲು ಫ್ರಾನ್ಸ್ ದೇಶ 2020ರ ಅಕ್ಟೋಬರ್‌ನಲ್ಲಿ ಕಾನೂನು ಮಾಡಿತು. ಅಮೆರಿಕದ ಇಲಿನಾಯ್ ರಾಜ್ಯದ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಕುಟುಂಬದ ವಿಡಿಯೋಗಳಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವ ಮಗುವಿಗಾಗಿ ಗಳಿಕೆಯ ಪಾಲನ್ನು ತೆಗೆದಿಡಬೇಕು. ಇಡದಿದ್ದರೆ ಮಗು ದೊಡ್ಡದಾದ ಮೇಲೆ ದಾವೆ ಹೂಡಬಹುದು. ಕ್ಯಾಲಿಫೋರ್ನಿಯಾ ತನ್ನ ಹಳೆಯ ರಕ್ಷಣೆಯನ್ನು ಅಂತರಜಾಲದ ಮಕ್ಕಳಿಗೂ ವಿಸ್ತರಿಸಿ 2025ರ ಜನವರಿ 1ರಿಂದ ಜಾರಿಗೊಳಿಸಿತು.

ನಮ್ಮ ದೇಶದಲ್ಲಿ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿಯಾದ ಬಳಿಕ, 2017ರ ನಿಯಮಗಳು ಬಾಲಕಲಾವಿದರಿಗೆ ಕೆಲವು ರಕ್ಷಣೆಗಳನ್ನು ನೀಡಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಮಗುವಿನ ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಲ್ಲಿಡಬೇಕು. ಈ ನಿಯಮಗಳು ಚಿತ್ರ ಮತ್ತು ದೃಶ್ಯಮಾಧ್ಯಮದ ನಿರ್ಮಾಪಕರನ್ನು ಕಣ್ಮುಂದಿಟ್ಟುಕೊಂಡು ರಚಿತವಾದವು. ಮನೆಯ ಹಜಾರಕ್ಕೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬ ವಾದಕ್ಕೆ ಹೋಗದೆ, ಅವನ್ನು ಅಳತೆಗೋಲಾಗಿ ಸ್ವೀಕರಿಸುವುದು ವಿವೇಕ. ಹೊರಗಿನವನು ನಮ್ಮ ಮಗುವನ್ನು ದುಡಿಸಿಕೊಂಡಾಗ ನಾವು ಏನನ್ನು ಕೇಳುತ್ತೇವೆಯೋ, ಅದಕ್ಕಿಂತ ಕಡಿಮೆಯನ್ನು ನಾವೇ ಕೊಡುವುದು ನ್ಯಾಯವಲ್ಲ.

ಒಬ್ಬನೇ ಗಿರಾಕಿಯ ಅಪಾಯ

ತನ್ನ ಉತ್ಪಾದನೆಯನ್ನೆಲ್ಲ ಒಬ್ಬನೇ ಗಿರಾಕಿಗೆ ಮಾರುವ ಕಾರ್ಖಾನೆಯ ಸ್ಥಿತಿ ಏನೆಂಬುದು ನಮ್ಮ ಸಣ್ಣ ಉದ್ಯಮಿಗಳಿಗೆ ಅನುಭವವೇದ್ಯ. ವಿಡಿಯೋ ಕುಟುಂಬಗಳ ಸ್ಥಿತಿಯೂ ಅದೇ. ದರ ನಿಗದಿ ಮಾಡುವವನು ವೇದಿಕೆಯ ಒಡೆಯ. ನಿಯಮ ಬದಲಿಸುವವನೂ ಅವನೇ.

2018ರ ಜನವರಿಯಲ್ಲಿ ಯೂಟ್ಯೂಬ್ ತನ್ನ ಅರ್ಹತೆಯ ಮಟ್ಟವನ್ನು ಏರಿಸಿತು. ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು ಹಾಗೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕೆಂದಾಯಿತು. ಮಿತಿಯ ಕೆಳಗಿದ್ದ ಸಣ್ಣ ಚಾನೆಲ್ಲುಗಳ ಆದಾಯ ನಿಂತಿತು. 2019ರ ಸೆಪ್ಟೆಂಬರ್‌ನಲ್ಲಿ, ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಇತ್ಯರ್ಥಕ್ಕಾಗಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಿದವು. ಅದರ ಫಲವಾಗಿ 2020ರ ಜನವರಿಯಿಂದ ಮಕ್ಕಳಿಗಾಗಿ ತಯಾರಿಸಿದ ವಿಡಿಯೋಗಳ ಮೇಲೆ, ನೋಡುಗನ ಅಭಿರುಚಿಯನ್ನು ಅರಿತು ತೋರಿಸುವ ದುಬಾರಿ ಜಾಹೀರಾತುಗಳು ನಿಂತವು. ತಪ್ಪು ವೇದಿಕೆಯದು, ಆದಾಯ ತಗ್ಗಿದ್ದು ತಯಾರಕರದು.

ಇನ್ನೂ ಹತ್ತಿರದ ನಿದರ್ಶನ ನಮ್ಮದೇ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಸಣ್ಣ ಊರುಗಳಿಂದ ಹಾಸ್ಯದ ತುಣುಕುಗಳನ್ನು ಮಾಡಿ ಹೆಸರು ಗಳಿಸಿದ್ದ ಎಷ್ಟೋ ಮಂದಿಯ ಅಭಿಮಾನಿ ಬಳಗ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ನಿಷೇಧದ ಸರಿತಪ್ಪು ಇಲ್ಲಿಯ ವಿಷಯವಲ್ಲ. ಬಾಡಿಗೆಯ ಜಾಗದಲ್ಲಿ ಕಟ್ಟಿದ ಅಂಗಡಿಯನ್ನು ಸ್ವಂತ ಆಸ್ತಿಯೆಂದು ಎಣಿಸಬಾರದೆಂಬುದಷ್ಟೇ ಪಾಠ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ ಹಾಡುಗಳದು. ಚಿತ್ರಗೀತೆಯ ಹಿನ್ನೆಲೆಯಿಟ್ಟು ಮಾಡಿದ ವಿಡಿಯೋವನ್ನು ಯೂಟ್ಯೂಬ್‌ನ ಯಂತ್ರವ್ಯವಸ್ಥೆ ಗುರುತಿಸಬಲ್ಲದು. ಆಗ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೋವೇ ತಡೆಯಲ್ಪಡಬಹುದು. ನಗಿಸಿದವರು ನಾವು, ಫಸಲು ಇನ್ನೊಬ್ಬರದು ಎಂಬಂತಾಗುತ್ತದೆ.

ತೆರಿಗೆಯ ಮುಖ್ಯಾಂಶಗಳು

2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನವನ್ನು 2025ರ ಕಾಯಿದೆಗೆ ನೀಡಲಾಗಿದೆ. ಕಲಂಗಳ ಸಂಖ್ಯೆ ಬದಲಾಗಿದ್ದರೂ ಕೆಳಗಿನ ತತ್ತ್ವಗಳು ಮುಂದುವರಿದಿವೆ. ಪರಿಚಯದ ಸೌಕರ್ಯಕ್ಕಾಗಿ ಹಳೆಯ ಸಂಖ್ಯೆಗಳನ್ನೇ ಸೂಚಿಸಿದೆ.

1. ಜಾಹೀರಾತಿನ ಪಾಲು, ಪ್ರಾಯೋಜಕರು ಕೊಟ್ಟ ಹಣ ಎರಡೂ ವ್ಯಾಪಾರ ಅಥವಾ ವೃತ್ತಿಯ ಆದಾಯ. ಹವ್ಯಾಸವೆಂದು ಹೇಳಿ ಬಿಡುವಂತಿಲ್ಲ. 2025-26ರ ಕರನಿರ್ಧರಣಾ ವರ್ಷದ ರಿಟರ್ನ್ ನಮೂನೆಗಳಲ್ಲಿ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೆಂದೇ ಪ್ರತ್ಯೇಕ ವೃತ್ತಿ ಸಂಕೇತವನ್ನು ಸೇರಿಸಲಾಯಿತು. ಇಲಾಖೆಯ ಗಮನ ಇತ್ತ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

2. ಪ್ರಾಪ್ತವಯಸ್ಕರಲ್ಲದ ಮಗುವಿನ ಆದಾಯವನ್ನು ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರಿಸಬೇಕೆಂಬುದು 64(1ಎ) ಕಲಂನ ಸಾಮಾನ್ಯ ನಿಯಮ. ಮಗು ತನ್ನ ಕೈದುಡಿಮೆಯಿಂದ ಅಥವಾ ಕೌಶಲ, ಪ್ರತಿಭೆ, ವಿಶೇಷ ಜ್ಞಾನದ ಬಳಕೆಯಿಂದ ಗಳಿಸಿದ ಆದಾಯ ಇದಕ್ಕೆ ಹೊರತು. ಸಂಭಾಷಣೆ ಕಲಿತು ನಟಿಸುವ ಹತ್ತು ವರ್ಷದ ಮಗುವಿನ ಸಂಭಾವನೆಯನ್ನು ಪ್ರತಿಭೆಯ ಗಳಿಕೆಯೆನ್ನಲು ಆಧಾರವಿದೆ. ತೊಟ್ಟಿಲಲ್ಲಿ ನಕ್ಕ ಕೂಸಿನ ವಿಷಯದಲ್ಲಿ ಹಾಗೆ ವಾದಿಸುವುದು ಕಷ್ಟ.

3. ಚಾನೆಲ್ಲಿನ ಹಣ ಪಡೆಯುವ ಖಾತೆ 18 ವರ್ಷ ತುಂಬಿದವರ ಹೆಸರಿನಲ್ಲಿರಬೇಕು. ಆದ್ದರಿಂದ ಆದಾಯ ಮೊದಲು ಸೇರುವುದು ಹಿರಿಯರಿಗೆ. ಅವರು ಮಗುವಿಗೆ ಸಂಭಾವನೆ ಎಂದು ಖರ್ಚು ಬರೆಯುವುದಾದರೆ ಅದು ಕೆಲಸಕ್ಕೆ ತಕ್ಕಷ್ಟಿರಬೇಕು. ಬಂಧುಗಳಿಗೆ ಮಿತಿಮೀರಿ ಕೊಟ್ಟ ಮೊತ್ತವನ್ನು 40ಎ(2) ಕಲಂ ಅನ್ವಯ ತಳ್ಳಿಹಾಕಲು ಅಧಿಕಾರಿಗೆ ಅವಕಾಶವಿದೆ. ಚಿತ್ರೀಕರಣದ ದಿನ, ಸಮಯ, ಮೊತ್ತಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ರಕ್ಷಣೆ.

4. ಅಮೆರಿಕದ ವೀಕ್ಷಕರಿಂದ ಬಂದ ಆದಾಯಕ್ಕೆ 2021ರಿಂದ ಗೂಗಲ್ ಅಲ್ಲಿಯ ತೆರಿಗೆಯನ್ನು ಮುರಿದುಕೊಳ್ಳುತ್ತಿದೆ. ತೆರಿಗೆ ಮಾಹಿತಿಯ ನಮೂನೆಯನ್ನು ತುಂಬಿ ಭಾರತ-ಅಮೆರಿಕ ಒಪ್ಪಂದದ ಸೌಲಭ್ಯ ಕೇಳಿದರೆ ಅಮೆರಿಕದ ಪಾಲಿನ ಮೇಲೆ ಶೇ. 15. ನಮೂನೆಯನ್ನೇ ತುಂಬದಿದ್ದರೆ ಜಗತ್ತಿನಾದ್ಯಂತದ ಒಟ್ಟು ಆದಾಯದ ಮೇಲೆ ಶೇ. 24ರವರೆಗೆ. ಒಟ್ಟು 1,000 ಡಾಲರ್‌ಗಳಲ್ಲಿ 100 ಮಾತ್ರ ಅಮೆರಿಕದ್ದಾಗಿದ್ದರೆ, ನಮೂನೆ ತುಂಬಿದವನಿಗೆ 15 ಡಾಲರ್ ಮುರಿತ, ತುಂಬದವನಿಗೆ 240 ಡಾಲರ್‌ವರೆಗೆ. ಅಲ್ಲಿ ತೆತ್ತ ತೆರಿಗೆಗೆ ಇಲ್ಲಿ ನಿಯಮಾನುಸಾರ ಜಮೆ ಪಡೆಯಲು ಅವಕಾಶವಿದೆ.

5. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸೇವೆಗಳಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು. ಹಣ ಕೊಡುವ ಸಂಸ್ಥೆ ವಿದೇಶದಲ್ಲಿದ್ದು ಇತರ ಷರತ್ತುಗಳೂ ಪೂರೈಸಿದರೆ ಅದು ಸೇವೆಯ ರಫ್ತು, ತೆರಿಗೆಯ ದರ ಶೂನ್ಯ. ಆದರೆ 20 ಲಕ್ಷದ ಮಿತಿಯನ್ನು ಎಣಿಸುವಾಗ ರಫ್ತನ್ನೂ ಕೂಡಿಸಿಕೊಳ್ಳಬೇಕು. ದೇಶದೊಳಗಿನ ಪ್ರಾಯೋಜಕರಿಗೆ ಕೊಟ್ಟ ಪ್ರಚಾರ ಸೇವೆಗೆ, ನೋಂದಣಿಯಾದ ಮೇಲೆ, ಶೇ. 18 ತೆರಿಗೆ.

ಒಂದು ಊಹಿತ ಉದಾಹರಣೆ

ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬವೊಂದರ ವರ್ಷದ ಲೆಕ್ಕ ಹೀಗಿದೆಯೆಂದು ಭಾವಿಸೋಣ. ಜಾಹೀರಾತಿನ ಪಾಲು 6,00,000 ರೂಪಾಯಿ. ಪ್ರಾಯೋಜಕರಿಂದ ನಗದು 3,00,000. ಪ್ರಚಾರಕ್ಕೆಂದು ಬಂದು ಮನೆಯಲ್ಲಿಯೇ ಉಳಿದ ಫ್ರಿಜ್ಜಿನ ಬೆಲೆ 40,000. ಒಟ್ಟು 9,40,000.

ಖರ್ಚಿನಲ್ಲಿ ವಿಡಿಯೋ ಸಂಕಲನ ಮಾಡುವವನಿಗೆ 1,80,000. ಅಂತರಜಾಲ ಮತ್ತು ವಿದ್ಯುತ್ತಿನಲ್ಲಿ ವ್ಯವಹಾರಕ್ಕೆ ಸೇರಿದ ಭಾಗ 36,000. ವೇಷಭೂಷಣ ಮುಂತಾದವಕ್ಕೆ 45,000. ಒಂದು ಲಕ್ಷದ ಕ್ಯಾಮರಾಕ್ಕೆ ಶೇ. 15ರಂತೆ ಸವಕಳಿ 15,000, 60,000 ರೂಪಾಯಿಯ ಲ್ಯಾಪ್‌ಟಾಪಿಗೆ ಶೇ. 40ರಂತೆ 24,000. ಒಟ್ಟು 3,00,000. ಪುಸ್ತಕದ ಲಾಭ 6,40,000 ರೂಪಾಯಿ.

ಇಷ್ಟನ್ನು ಕಂಡು ಅಂಗಡಿಯ ಬಾಗಿಲು ಹಾಕಲು ಹೊರಡುವವರಿದ್ದಾರೆ. ಲೆಕ್ಕವನ್ನು ಇನ್ನೆರಡು ಸಾಲು ಮುಂದುವರಿಸೋಣ. ಫ್ರಿಜ್ಜು ನಗದಲ್ಲ, 40,000 ಕಳೆಯಿರಿ. ಸವಕಳಿ ಕೈಯಿಂದ ಹೋದ ಹಣವಲ್ಲ, 39,000 ಕೂಡಿಸಿ. ಕೈಯಲ್ಲಿರುವುದು 6,39,000. ನಗದು ಗಳಿಕೆಯ ಅರ್ಧಭಾಗ, ಅಂದರೆ 4,50,000 ರೂಪಾಯಿ, ಮಕ್ಕಳ ಪಾತ್ರದಿಂದ ಬಂದದ್ದೆಂದು ಎಣಿಸಿ, ಅದರ ಶೇ. 20ರಂತೆ 90,000ವನ್ನು ಮಕ್ಕಳ ಹೆಸರಿನ ಠೇವಣಿಗೆ ಹಾಕಿ. ಉಳಿಯುವುದು 5,49,000. ಕಥೆ ಬರೆದು, ನಟಿಸಿ, ರಾತ್ರಿಯವರೆಗೆ ಪ್ರತಿಕ್ರಿಯೆಗಳಿಗೆ ಉತ್ತರಿಸುವ ಗಂಡ ಹೆಂಡಿರ ದುಡಿಮೆಗೆ ಇಬ್ಬರಿಗೂ ಸೇರಿ ತಿಂಗಳಿಗೆ ಕೇವಲ 25,000 ಸಂಬಳವೆಂದು ಹಿಡಿದರೂ ವರ್ಷಕ್ಕೆ 3,00,000. ನಿಜವಾದ ಉಳಿಕೆ 2,49,000 ರೂಪಾಯಿ. ಅದರಲ್ಲಿಯೇ ಆದಾಯ ತೆರಿಗೆ, ಕ್ಯಾಮರಾ ಕೆಟ್ಟರೆ ಹೊಸದು, ನೋಡುಗರು ಕೈಬಿಟ್ಟ ವರ್ಷದ ಸಂಸಾರ ಎಲ್ಲವೂ ನಡೆಯಬೇಕು. ನಡೆಯುತ್ತಿರುವ ಅಂಗಡಿಯನ್ನು ಮುಚ್ಚಲು 6,40,000 ಕಾರಣವೆನಿಸಬಹುದು. 2,49,000 ಹಾಗೆನಿಸದು.

ಸರಕು ಕೊಡುವ ಉದ್ಯಮಿಗಳಿಗೆ

ಮೇಲಿನ ಫ್ರಿಜ್ಜಿನ ಇನ್ನೊಂದು ತುದಿಯಲ್ಲಿ ನಮ್ಮ ತಯಾರಕರಿದ್ದಾರೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಂ ಪ್ರಕಾರ, ವ್ಯಾಪಾರ ಅಥವಾ ವೃತ್ತಿಯ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ಅನುಕೂಲವನ್ನು ಕೊಟ್ಟರೆ ಶೇ. 10ರಂತೆ ಮೂಲದಲ್ಲಿಯೇ ತೆರಿಗೆ ಕಟ್ಟಬೇಕು. ಸರಕಿನ ರೂಪದಲ್ಲಿ ಕೊಟ್ಟಾಗ, ತೆರಿಗೆ ಸಂದಾಯವಾದುದನ್ನು ಖಚಿತಪಡಿಸಿಕೊಂಡ ನಂತರವೇ ಸರಕನ್ನು ಒಪ್ಪಿಸಬೇಕು. 40,000ದ ಫ್ರಿಜ್ಜಿಗೆ ಇದು 4,000 ರೂಪಾಯಿ. ಪ್ರಚಾರದ ವಿಡಿಯೋ ಮುಗಿದ ಮೇಲೆ ಸರಕನ್ನು ಹಿಂದಿರುಗಿಸಿದರೆ ಅದು ಅನುಕೂಲವಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2022ರ 12ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ರೂಪಾಯಿ ಮೀರದ ವೈಯಕ್ತಿಕ ಹಾಗೂ ಅವಿಭಕ್ತ ಕುಟುಂಬದ ವ್ಯಾಪಾರಿಗಳಿಗೆ ಈ ಹೊಣೆಯಿಲ್ಲ.

ಹಣ ಪಡೆದ ಪ್ರಚಾರವನ್ನು ಪ್ರಚಾರವೆಂದೇ ತೋರಿಸಬೇಕೆಂಬುದು ಎರಡನೆಯ ಅಂಶ. ಜಾಹೀರಾತು ಮಾನಕ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇದೇ ವಿಷಯವಾಗಿ ಮಾರ್ಗದರ್ಶಿ ಪ್ರಕಟಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ದಂಡ ವಿಡಿಯೋ ಮಾಡಿದವರಿಗೆ ಮಾತ್ರವಲ್ಲ, ತಯಾರಕನಿಗೂ ಅನ್ವಯಿಸುತ್ತದೆ.

ಮೂರನೆಯದು ಹೆಸರಿನ ಪ್ರಶ್ನೆ. ಮಗುವನ್ನು ಅಳಿಸಿ ನಗಿಸುವ ಚಾನೆಲ್ಲಿನಲ್ಲಿ ತನ್ನ ಸರಕು ಕಾಣಿಸಿಕೊಂಡರೆ, ನಾಳೆ ಜನರ ಕೋಪ ಆ ಸರಕಿನ ಮೇಲೂ ತಿರುಗುತ್ತದೆ. ಉದ್ದರಿ ಕೊಡುವ ಮುನ್ನ ಗಿರಾಕಿಯ ನಡತೆಯನ್ನು ವಿಚಾರಿಸುವ ನಾವು, ಹೆಸರನ್ನು ಕೊಡುವ ಮುನ್ನವೂ ವಿಚಾರಿಸುವುದು ಲೇಸು.

ಪಾಲಿಸತಕ್ಕ ಕ್ರಮಗಳು

ವ್ಯವಹಾರವೂ ಅದರ ಮಾಲೀಕನೂ ಬೇರೆ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಅಂಗಡಿಯ ಗಲ್ಲಾದಿಂದ ಮನೆಖರ್ಚಿಗೆ ತೆಗೆದ ಹಣವನ್ನು ನಾವು ಡ್ರಾಯಿಂಗ್ಸ್ ಖಾತೆಗೆ ಬರೆಯುತ್ತೇವೆ. ಮನೆಯೇ ಅಂಗಡಿಯಾದಾಗ ಈ ಗೆರೆ ಎಳೆಯುವುದು ಇನ್ನೂ ಅಗತ್ಯ. ಅದಕ್ಕಾಗಿ ಈ ಐದು ಕ್ರಮಗಳು.

ಒಂದು, ಚಾನೆಲ್ಲಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಎರಡು, ಗಂಡ, ಹೆಂಡತಿ, ಅಣ್ಣತಮ್ಮಂದಿರು ಕೂಡಿ ದುಡಿಯುತ್ತಿದ್ದರೆ ಪಾಲು ಎಷ್ಟೆಂಬುದನ್ನು ಪ್ರಸಿದ್ಧಿ ಬರುವ ಮುನ್ನವೇ ಪಾಲುದಾರಿಕೆ ಪತ್ರದಲ್ಲಿ ಬರೆಯಿರಿ. ಮೂರು, ಪ್ರತಿ ಬಾರಿ ಹಣ ಬಂದ ಕೂಡಲೇ ಮಕ್ಕಳ ಪಾಲನ್ನು ಮೊದಲು ತೆಗೆದಿಡಿ, ಉಳಿದದ್ದನ್ನು ಖರ್ಚು ಮಾಡಿ. ನಾಲ್ಕು, ಇರುವ ಕಸುಬನ್ನು ಬಿಡಬೇಡಿ. ನಗೆಯಿಂದ ಬಂದ ಹೆಸರು ಆ ಕಸುಬಿಗೆ ಗಿರಾಕಿಗಳನ್ನು ತರಲಿ. ಐದು, ಮಗು ಬೇಡವೆಂದ ದಿನ ಕ್ಯಾಮರಾ ಮುಚ್ಚಿಡಿ, ಮಗು ತೆಗೆಯಿರೆಂದ ವಿಡಿಯೋವನ್ನು ತೆಗೆದುಹಾಕಿ.

ಐದನೆಯ ಕ್ರಮಕ್ಕೆ ಯಾವ ಖಾತೆಯಲ್ಲಿಯೂ ಕಲಂ ಇಲ್ಲ. ಆದರೂ ಅದೇ ಮುಖ್ಯ. ಇಂದು ಐದು ವರ್ಷದ ಮಗು ಮುಂದೊಂದು ದಿನ ನೌಕರಿಯ ಸಂದರ್ಶನಕ್ಕೆ ಹೋಗುತ್ತದೆ, ಮದುವೆಯ ಮಾತುಕತೆಗೆ ಕೂರುತ್ತದೆ. ಅದರ ಬಾಲ್ಯದ ಅಳು, ಮುಗ್ಗರಿಕೆ, ಪೇಚಾಟಗಳು ಆಗಲೂ ಅಂತರಜಾಲದಲ್ಲಿ ಇರುತ್ತವೆ. ಹಣದ ಸಾಲವನ್ನು ಬಡ್ಡಿ ಸಹಿತ ತೀರಿಸಬಹುದು. ಮಗುವಿನಿಂದ ಪಡೆದ ಈ ಸಾಲಕ್ಕೆ ಮರುಪಾವತಿಯ ವಿಧಾನವನ್ನು ಯಾವ ಲೆಕ್ಕಪರಿಶೋಧಕನೂ ಸೂಚಿಸಲಾರನು. ಆದ್ದರಿಂದ ಎಷ್ಟು ಪಡೆಯಬಹುದೆಂಬ ಮಿತಿಯನ್ನು ಆರಂಭದಲ್ಲಿಯೇ ಮನೆಯವರು ಕುಳಿತು ನಿಶ್ಚಯಿಸಿಕೊಳ್ಳುವುದು ಉಚಿತ.